ಖಾಲಿ ಗ್ಯಾಲರಿಯ ಮುಂದೆ ಕಬಡ್ಡಿ

ಕಬಡ್ಡಿ ತಂಡದ ಮ್ಯಾನೇಜರ್ ಎಂದರೆ ಆಟಗಾರರ ಉಗುರು ನೋಡುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಎನ್ನಬೇಡಿ. ಮೊನ್ನೆ ಇಬ್ಬರು ಹುಡುಗರು ದುರ್ಗಿಗುಡಿಯ ನಮ್ಮ ಮನೆಗೆ ಬಂದಿದ್ದರು. ಕ್ರೀಡಾ ನಿರ್ವಹಣೆಯಲ್ಲಿ ಡಿಪ್ಲೊಮಾ ಮಾಡಿದ್ದಾರಂತೆ. "ಸಾರ್, ನೀವು ಸ್ಟ್ರಾಟಜಿ ಹೇಗೆ ಮಾಡ್ತಿದ್ರಿ?" ಎಂದು ಕೇಳಿದರು. ನಾನು ತಲೆ ಕೆಡಿಸಿಕೊಂಡು ಸ್ಟ್ರಾಟಜಿ ಮಾಡಿದ್ದು ಒಂದೇ ವಿಷಯಕ್ಕೆ: ಮ್ಯಾಚಿನ ದಿನ ಬಿರಿಯಾನಿ ಅಂಗಡಿಗಳು ಕಣ್ಣಿಗೆ ಬೀಳದಂತೆ ವ್ಯಾನನ್ನು ಯಾವ ರಸ್ತೆಯಲ್ಲಿ ಒಯ್ಯುವುದು ಎಂಬುದಕ್ಕೆ. ಉಳಿದಂತೆ, ಆರಡಿ ಗಂಡಸರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈ ಹಿಡಿದು, ಉಗುರು ಕತ್ತರಿಸಿದ್ದಾರೋ ಇಲ್ಲವೋ ನೋಡುವುದು. ಅಂಪೈರ್ ನೋಡಿ ಬೈಯುವ ಮುಂಚೆ ನಾವು ನೋಡಿ ಬೈಯಬೇಕು. ಕಾಲುಗುರನ್ನೂ ಬಿಡುವಂತಿಲ್ಲ. ಡಿಪ್ಲೊಮಾದಲ್ಲಿ ಕಾಲುಗುರಿನ ಪಾಠ ಇತ್ತೇ ಎಂದು ಕೇಳಿದೆ. ಇರಲಿಲ್ಲವಂತೆ.

ನಾನು ಮೊದಲು ಭದ್ರಾವತಿಯ ಒಂದು ಕಾರ್ಖಾನೆಯ ಕ್ರೀಡಾ ವಿಭಾಗದಲ್ಲಿದ್ದೆ. ವೈದಿಕರ ಮನೆಯ ಹುಡುಗ ಬನಿಯನ್ನು ಚಡ್ಡಿಗಳ ಉಸ್ತುವಾರಿಗೆ ಸೇರಿದ್ದು ನಮ್ಮ ತಂದೆಯವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಯಾರಾದರೂ ಕೇಳಿದರೆ "ಫ್ಯಾಕ್ಟರಿಯಲ್ಲಿದಾನೆ" ಎಂದಷ್ಟೇ ಹೇಳಿ ಕಾಫಿ ತರಿಸುತ್ತಿದ್ದರು. ಬಡ್ತಿಗಳ ಕಥೆ ಬಿಡಿ, ಅವು ಬಂದದ್ದು ನನಗೇ ಗೊತ್ತಾಗಲಿಲ್ಲ.

ಆಗೆಲ್ಲ ಆಟ ಮಣ್ಣಿನ ಮೇಲೆ. ಮಣ್ಣು ಜರಡಿ ಹಿಡಿದು, ಕಲ್ಲು ಹೆಕ್ಕಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದರೆ ಅಂಕಣ ಸಿದ್ಧ. ಆಮೇಲೆ ಮ್ಯಾಟ್ ಬಂತು, ಶೂ ಬಂತು. ಮ್ಯಾಟಿನ ತುಂಡುಗಳು ನಮ್ಮಲ್ಲಿಗೆ ಮೊದಲ ಸಲ ಬಂದ ದಿನ ಎಲ್ಲರೂ ಸೇರಿ ಹಬ್ಬದಂತೆ ಹಾಸಿದೆವು. ಪೂಜೆಯನ್ನೂ ಮಾಡಿದೆವು. ಕೋಚ್ ಆರ್ಮುಗಂ ಉದ್ಘಾಟನೆಗೆಂದು ಮೊದಲ ಹೆಜ್ಜೆ ಇಟ್ಟವನು ಸರ್ರನೆ ಜಾರಿ ಮಂಗಳಾರತಿ ತಟ್ಟೆಯ ಪಕ್ಕಕ್ಕೆ ಹೋಗಿ ಕೂತ. ಹಿಂದೆ ಬಂದ ಇಬ್ಬರೂ ಅವನ ಮೇಲೆ ಬಿದ್ದರು. ನಾವು ಇಡೀ ಅಂಕಣವನ್ನು ತಲೆಕೆಳಗು ಹಾಸಿದ್ದೆವು, ಒರಟು ಮೈ ನೆಲಕ್ಕೆ, ನುಣುಪು ಮೈ ಮೇಲಕ್ಕೆ. ಆರ್ಮುಗಂ ಸೊಂಟ ಹಿಡಿದುಕೊಂಡು, "ಎನ್ನಾ ಸಾರ್ ಇದು, ಕಬಡ್ಡಿ ಆಡ್ಬೇಕಾ, ಐಸಲ್ಲಿ ಜಾರ್ಬೇಕಾ?" ಎಂದ. ಆರ್ಮುಗಂ ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳ. ಸಿಟ್ಟು ಬಂದರೆ ತಮಿಳು, ಇನ್ನೂ ಸಿಟ್ಟು ಬಂದರೆ ತೆಲುಗು, ಕನ್ನಡ ಮಾತಾಡಿದನೆಂದರೆ ಖುಷಿಯಲ್ಲಿದ್ದಾನೆ ಎಂದರ್ಥ.

ಕಾರ್ಖಾನೆಯ ಟೀಮು ಮುಚ್ಚಿಹೋದ ಮೇಲೆ ನಾವಿಬ್ಬರೂ ಲೀಗ್ ತಂಡವೊಂದಕ್ಕೆ ಸೇರಿದೆವು. ಊರೂರಿನ ತಂಡಗಳು, ಸಂಬಳಕ್ಕೆ ಆಡುವ ಆಟಗಾರರು, ಬಣ್ಣದ ದೀಪ, ಎಲ್ಲ ಇದ್ದ ಸಣ್ಣ ವೃತ್ತಿಪರ ಲೀಗ್ ಅದು. ನಮ್ಮ ತಂಡದ ಮಾಲೀಕರು ರೇಣುಕಪ್ಪನವರು. ಸವಳಂಗ ರಸ್ತೆಯಲ್ಲಿ ದೊಡ್ಡ ಕಲ್ಯಾಣ ಮಂಟಪ ಅವರದು. ಅವರಿಗೆ ಕಬಡ್ಡಿ ಗೊತ್ತಿರಲಿಲ್ಲ, ಮದುವೆ ಗೊತ್ತಿತ್ತು. "ಟೀಮ್ ನಡ್ಸೋದೂ ಮದುವೆ ನಡ್ಸೋದೂ ಒಂದೇ ಕಣ್ರೀ ಶ್ರೀಧರ್. ಊಟ ಸರಿ ಇದ್ರೆ ಯಾರೂ ಜಗಳ ತೆಗೆಯಲ್ಲ" ಎನ್ನುವರು. ಎದುರು ತಂಡ ಬಸ್ಸಿನಿಂದ ಇಳಿದರೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಒಳಗೆ ಕರೆಯುತ್ತಿದ್ದರು. ಬೀಗರ ಮರ್ಯಾದೆ ಪಡೆದು ಬಂದವರು ನಮ್ಮ ಹುಡುಗರ ಕಾಲು ಹಿಡಿದು ಎಳೆಯುವಾಗ ರೇಣುಕಪ್ಪನವರ ಮುಖ ನೋಡಬೇಕಿತ್ತು.

ಮೇಲಧಿಕಾರಿಗಳ ಬಗ್ಗೆ ಒಂದು ಮಾತು. ಆಟ ಗೊತ್ತಿರುವ ಮಾಲೀಕ ಸಿಕ್ಕರೆ ಕೆಲಸ ಬಿಟ್ಟು ಓಡಿ. ಆಟ ಗೊತ್ತಿಲ್ಲದ, ಊಟ ಗೊತ್ತಿರುವ ಮಾಲೀಕ ಸಿಕ್ಕರೆ ನಿವೃತ್ತಿಯವರೆಗೂ ಅಲ್ಲೇ ಇರಿ.

ನಮ್ಮ ತಂಡದ ಬಂಡವಾಳವೆಂದರೆ ಲೋಕೇಶ. ಭದ್ರಾವತಿ ಹಳೇನಗರದ ಹುಡುಗ, ರೈಡರ್. ಎದುರಾಳಿಯ ಅಂಕಣಕ್ಕೆ ಒಬ್ಬನೇ ನುಗ್ಗಿ, ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ, ಯಾರನ್ನಾದರೂ ಮುಟ್ಟಿ ವಾಪಸ್ ಬರುವವನು ರೈಡರ್. ನಡುವೆ ಉಸಿರು ಎಳೆದುಕೊಂಡರೆ ರೈಡ್ ಕೆಟ್ಟಿತು, ಅಂಕ ಎದುರಾಳಿಗೆ. ಲೋಕೇಶ ಗೆರೆ ದಾಟಿದನೆಂದರೆ ಭದ್ರಾವತಿಯ ಜನ ಹುಚ್ಚೇಳುತ್ತಿದ್ದರು. ತಗಡಿನ ಡಬ್ಬ, ತಟ್ಟೆ, ತಮಟೆ, ಸಿಳ್ಳೆ. ಅವನನ್ನು ಹಿಡಿಯಲು ಬಂದವರ ತಾಯಂದಿರನ್ನು ಮೂರು ಭಾಷೆಗಳಲ್ಲಿ ನೆನೆಯುತ್ತಿದ್ದರು. ಆ ಗದ್ದಲದಲ್ಲಿ ನನ್ನ ಪಕ್ಕ ಕೂತ ಆರ್ಮುಗಂ ಕಿವಿಯಲ್ಲಿ ಕೂಗಿದರೂ ನನಗೆ ಕೇಳಿಸುತ್ತಿರಲಿಲ್ಲ. ಲೋಕೇಶ ಉಸಿರು ಬಿಡದೆ ಎಷ್ಟು ಹೊತ್ತು ಬೇಕಾದರೂ ಎದುರಾಳಿಯ ಅಂಕಣದಲ್ಲಿ ಕುಣಿಯುತ್ತಾನೆ, ಅದು ಅವನಿಗೆ ದೇವರು ಕೊಟ್ಟ ವರ ಎಂದೇ ನಾವೆಲ್ಲ ನಂಬಿದ್ದೆವು.

ಆಮೇಲೆ ಕೊರೊನಾ ಬಂತು. ಒಂದು ವರ್ಷ ಲೀಗೇ ಇಲ್ಲ. ಮರುವರ್ಷ ಸೋಂಕು ಇಳಿಯಿತು ಎಂದು ಎಲ್ಲರೂ ಹೇಳತೊಡಗಿದ ಹೊತ್ತಿಗೆ, ಸಂಘಟಕರು ಅವಸರವಸರವಾಗಿ ಪ್ರೇಕ್ಷಕರಿಲ್ಲದ ಒಂದು ಸೀಸನ್ ಹಮ್ಮಿಕೊಂಡರು. ಎಲ್ಲ ಪಂದ್ಯ ಶಿವಮೊಗ್ಗದ ಒಂದೇ ಒಳಾಂಗಣದಲ್ಲಿ, ಜನ ನೋಡುವುದು ಮೊಬೈಲಿನಲ್ಲಿ. ನಿಯಮಗಳ ಪಟ್ಟಿ ಓದಿ ನಾನೂ ಆರ್ಮುಗಂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಟಾಸ್ ಹಾಕುವಾಗ ನಾಯಕರು ಕೈ ಕುಲುಕಬಾರದು. ಪರಸ್ಪರ ದೂರ ನಿಲ್ಲಬೇಕು. ಬೆಂಚಿನಲ್ಲಿ ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಯಲ್ಲಿ ಕೂರಬೇಕು. ಇಷ್ಟೆಲ್ಲ ಆದ ಮೇಲೆ ಸೀಟಿ ಊದಿದರೆ ಏಳು ಜನ ಒಬ್ಬನ ಮೇಲೆ ಬಿದ್ದು ಬೆವರಿನಲ್ಲಿ ಹೊರಳಾಡಬಹುದು! "ಮುಟ್ಟಿದ್ರೆ ಪಾಯಿಂಟು, ಕೈ ಕೊಟ್ರೆ ಫೈನು. ಈ ನಿಯಮ ಬರೆದೋನಿಗೆ ಒಂದು ಹಾರ ಹಾಕ್ಬೇಕು ಸಾರ್" ಎಂದ ಆರ್ಮುಗಂ.

ತಂಡ ಹೊರಗಿನವರ ಸಂಪರ್ಕವಿಲ್ಲದೆ ಒಂದೇ ಕಡೆ ಇರಬೇಕಿತ್ತು. ಮದುವೆಗಳಿಲ್ಲದೆ ಖಾಲಿ ಬಿದ್ದಿದ್ದ ಮಂಟಪದಲ್ಲೇ ರೇಣುಕಪ್ಪ ನಮ್ಮನ್ನು ಇಳಿಸಿದರು. ವರನ ಕೋಣೆಯಲ್ಲಿ ರೈಡರ್‌ಗಳು, ವಧುವಿನ ಕೋಣೆಯಲ್ಲಿ ಎದುರಾಳಿ ರೈಡರನ್ನು ಹಿಡಿಯುವ ಕ್ಯಾಚರ್‌ಗಳು. ಕೆಲಸವಿಲ್ಲದೆ ಕೂತಿದ್ದ ಅಡುಗೆಭಟ್ಟರಿಗೆ ಜೀವ ಬಂತು. ಅವರಿಗೆ ಐನೂರು ಜನಕ್ಕಿಂತ ಕಡಿಮೆ ಅಳತೆಯಲ್ಲಿ ಅಡುಗೆ ಮಾಡಲು ಬರುತ್ತಿರಲಿಲ್ಲ. ಬೆಳಿಗ್ಗೆ ಕೇಸರಿಬಾತು, ಮಧ್ಯಾಹ್ನ ಹೋಳಿಗೆ, ಸಂಜೆ ಬೋಂಡ. ನಮ್ಮ ಆಟದಲ್ಲಿ ತೂಕಕ್ಕೆ ಮಿತಿ ಇದೆ. ಮೊದಲ ಪಂದ್ಯಕ್ಕೆ ಮುಂಚೆ ಇಬ್ಬರು ಕ್ಯಾಚರ್‌ಗಳನ್ನು ನಾನು ಜರ್ಕಿನ್ ಹಾಕಿಸಿ ಮಂಟಪದ ಸುತ್ತ ಓಡಿಸಬೇಕಾಯಿತು. ಭಟ್ಟರು ಕಿಟಕಿಯಿಂದ ನೋಡಿ, "ಪಾಪ, ಮಕ್ಳಿಗೆ ಹಸಿವಾಗುತ್ತೆ" ಎಂದು ಇನ್ನಷ್ಟು ಕರಿದರು.

ಮೊದಲ ಪಂದ್ಯ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗ್ಯಾಲರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೇಲೆ ಫ್ಯಾನ್ ಕಿರುಗುಟ್ಟುವುದು ಕೇಳುತ್ತಿತ್ತು, ಶೂ ಮ್ಯಾಟಿಗೆ ಉಜ್ಜುವುದು ಕೇಳುತ್ತಿತ್ತು. ಲೋಕೇಶ ಎದೆಗೆ ಕೈ ಮುಟ್ಟಿಸಿಕೊಂಡು ಗೆರೆ ದಾಟಿದ. ತುಟಿ ಅಲ್ಲಾಡುತ್ತಿತ್ತು. ಅಂಪೈರ್ ಪಾಟೀಲರು, ಉತ್ತರ ಕರ್ನಾಟಕದ ಗಟ್ಟಿ ಮನುಷ್ಯ, ಕಿವಿಗೆ ಕೈ ಅಡ್ಡ ಇಟ್ಟು ಹತ್ತಿರ ಬಂದರು. ಸೀಟಿ.

"ಉಸಿರು ಕೇಳವಲ್ದು. ಹಿಂದಕ್ಕ ನಡಿ" ಎಂದರು.

ಅಂಕ ಎದುರಾಳಿಗೆ. ಆರ್ಮುಗಂ ತೆಲುಗಿನಲ್ಲಿ ಪ್ರತಿಭಟಿಸಿದ. ಮತ್ತೆ ರೈಡ್, ಮತ್ತೆ ಸೀಟಿ. ಮೂರನೆಯ ಸಲ ನಾವೂ ಕಿವಿಗೊಟ್ಟು ಕೇಳಿದೆವು. ನಾಲ್ಕು ಸಲ ಕಬಡ್ಡಿ, ಆಮೇಲೆ ಸುಮ್ಮನೆ ತುಟಿ, ಒಂದು ಸಣ್ಣ ಉಸಿರು ಒಳಕ್ಕೆ, ಮತ್ತೆ ಕಬಡ್ಡಿ. ದೇವರು ಕೊಟ್ಟ ವರವಲ್ಲ, ಭದ್ರಾವತಿಯ ಜನ ಕೊಟ್ಟ ವರ. ಅವರ ಗದ್ದಲದ ಅಡಿಯಲ್ಲಿ ಇಷ್ಟು ವರ್ಷ ಅವನು ಉಸಿರು ಎಳೆದುಕೊಂಡದ್ದು ಯಾರಿಗೂ ಕೇಳಿಸಿರಲಿಲ್ಲ. ಅವನಿಗೇ ಅದು ಗೊತ್ತಿರಲಿಲ್ಲವೆಂದು ಆಮೇಲೆ ಆಣೆ ಮಾಡಿ ಹೇಳಿದ. ಮಂಕಾಗಿ ಕೂತಿದ್ದ ಅವನ ಮುಖ ನೋಡಿ ನಾನು ನಂಬಿದೆ. ಎದುರು ಬೆಂಚಿನಿಂದ ಯಾರೋ "ಏ ಉಸಿರುಗಳ್ಳ!" ಎಂದು ಕೂಗಿದರು. ಖಾಲಿ ಒಳಾಂಗಣ, ಆ ಮಾತು ನಾಲ್ಕು ಗೋಡೆಗೂ ಬಡಿದು ಕ್ಯಾಮೆರಾದ ಮೈಕಿಗೂ ಹೋಯಿತು. ಪಂದ್ಯ ಮುಗಿಯುವ ಹೊತ್ತಿಗೆ ನಾವು ಹೀನಾಯವಾಗಿ ಸೋತಿದ್ದೆವು, ಭದ್ರಾವತಿಯ ಎಲ್ಲ ಮೊಬೈಲುಗಳಲ್ಲೂ ಆ ಹೆಸರು ಓಡಾಡುತ್ತಿತ್ತು.

ಎರಡನೆಯ ಪಂದ್ಯಕ್ಕೆ ರೇಣುಕಪ್ಪ ಒಂದು ಉಪಾಯ ತೆಗೆದರು. ಜನರ ಗದ್ದಲ ತಾನೆ ಬೇಕಾದ್ದು? ಸ್ಪೀಕರಿನಲ್ಲಿ ಹಾಕಿದರಾಯಿತು. ಸಂಘಟಕರೂ ಟಿವಿ ಮ್ಯಾಚುಗಳಲ್ಲಿ ಹಾಗೆ ಮಾಡುತ್ತಾರೆಂದು ಒಪ್ಪಿದರು. ಮಂಟಪದ ಸೌಂಡ್ ಸಿಸ್ಟಮ್ ಬಂತು, ಮಂಟಪದ್ದೇ ಪೆನ್‌ಡ್ರೈವ್ ಬಂತು. ಲೋಕೇಶ ಗೆರೆ ದಾಟುತ್ತಲೇ ಆಪರೇಟರ್ ಗುಂಡಿ ಒತ್ತಿದ. ಜನರ ಕೂಗಿನ ಬದಲು ಗಟ್ಟಿಮೇಳ! ಡೋಲು, ನಾದಸ್ವರ, ತಾಳಿ ಕಟ್ಟುವಾಗಿನ ಪೂರ್ತಿ ಅಬ್ಬರ. ಎದುರಾಳಿ ಕ್ಯಾಚರ್‌ಗಳು ನಗುತ್ತ ನಿಂತೇಬಿಟ್ಟರು. ಆ ಗಡಿಬಿಡಿಯಲ್ಲಿ ಲೋಕೇಶ ಒಬ್ಬನನ್ನಾದರೂ ಮುಟ್ಟಬಹುದಿತ್ತು, ಆದರೆ ಅವನೂ ನಗುತ್ತಿದ್ದ. ನಗುವಾಗ ಕಬಡ್ಡಿ ಎನ್ನಲು ಆಗುವುದಿಲ್ಲ. ಸೀಟಿ. ಸ್ಪೀಕರಿಗೂ ಅಲ್ಲಿಂದಾಚೆ ನಿಷೇಧ ಬಿತ್ತು.

ಹೀಗೆ ಸೋಲುತ್ತಲೇ ಹೋದೆವು. ಹತ್ತಿರದಿಂದ ಸೋತೆವು, ದೂರದಿಂದ ಸೋತೆವು, ಒಮ್ಮೆ ಗೆದ್ದೆವೆಂದು ಕುಣಿದಾಡಿದ ಮೇಲೆ ಅಂಕ ಎಣಿಸಿದವರು ತಪ್ಪಾಯಿತೆಂದು ಹೇಳಿದ್ದರಿಂದ ಸೋತೆವು. ರೇಣುಕಪ್ಪ ಊಟದ ಹೊತ್ತಿಗೆ ಬಂದು, "ನೋಡಪ್ಪ ಲೋಕೇಶ, ಒಂದೇ ಒಂದು ಮ್ಯಾಚ್ ಗೆಲ್ಸು. ಇಲ್ಲಾಂದ್ರೆ ಮುಂದಿನ ಸಲ ಹರಿಯಾಣದ ಹುಡುಗನ್ನ ತರ್ತೀನಿ. ಬೇಜಾರು ಮಾಡ್ಕೋಬೇಡ, ಇನ್ನೊಂದು ಹೋಳಿಗೆ ಹಾಕ್ಸಿಕೋ" ಎಂದರು.

ಲೋಕೇಶ ಹೋಳಿಗೆ ಮುಟ್ಟಲಿಲ್ಲ. ಕೈ ತೊಳೆಯುವ ಜಾಗದಲ್ಲಿ ನನ್ನ ಹಿಂದೆ ಬಂದ.

"ಸಾರ್, ಟೀಮಿಂದ ತೆಗೀಲಿ, ಪರವಾಗಿಲ್ಲ. ಆ ಹೆಸರು ಹೋಗ್ಬೇಕು ಸಾರ್. ನಮ್ಮೂರಲ್ಲಿ ಒಂದು ಹೆಸರು ಅಂಟ್ತು ಅಂದ್ರೆ ಸತ್ತ ಮೇಲೂ ಬಿಡಲ್ಲ. ನಮ್ಮ ಪಕ್ಕದ ಮನೆ ಅಜ್ಜ ಹುಡುಗನಾಗಿದ್ದಾಗ ಒಂದ್ಸಲ ಕೋಳಿ ಕದ್ದಿದ್ನಂತೆ. ಮೊನ್ನೆ ಅವ್ನ ಮೊಮ್ಮಗಳ ಮದುವೆ ಆಯ್ತು, ಈಗ್ಲೂ ಕೋಳಿ ಮನೆಯವ್ರು ಅಂತಾರೆ."

ನನಗೆ ನಗು ಬಂತು, ತಡೆದುಕೊಂಡೆ. ಭದ್ರಾವತಿ ನನಗೆ ಚೆನ್ನಾಗಿ ಗೊತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆಗ ನೆನಪಾದವರು ನಮ್ಮ ಭಾವ, ಅಕ್ಕನ ಗಂಡ. ಅವರು ಪುರೋಹಿತರು, ಅದೇ ಮಂಟಪದಲ್ಲಿ ನೂರಾರು ಮದುವೆ ಮಾಡಿಸಿದವರು. ಕೊರೊನಾದಿಂದ ಮದುವೆ ಇಲ್ಲ, ಉಪನಯನ ಇಲ್ಲ. ತಿಥಿಗಳು ಮಾತ್ರ ಜಾಸ್ತಿಯಾಗಿ ಅವರಿಗೆ ಜೀವನವೇ ಬೇಸರವಾಗಿತ್ತು. ಮಂತ್ರ ಹೇಳಲು ಕೂತರೆ ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ಸಣ್ಣವನಿದ್ದಾಗಿನಿಂದ ನಾನು ಹುಡುಕುತ್ತಿದ್ದೆ, ಸಿಕ್ಕಿರಲಿಲ್ಲ. ಒಳಗೆ ಬಿಡುವಂತಿಲ್ಲವಲ್ಲ, ಗೇಟಿನ ಆಚೆ ಕುರ್ಚಿ ಹಾಕಿಸಿದೆ. ಈಚೆ ಲೋಕೇಶ, ಆಚೆ ಮಾಸ್ಕ್ ಹಾಕಿಕೊಂಡ ಭಾವ.

"ಹೇಳು ನೋಡೋಣ" ಎಂದರು ಭಾವ.

ಲೋಕೇಶ ಹೇಳಿದ.

"ಅಯ್ಯೋ ಮಾರಾಯ, ಇದೇನು ತರಕಾರಿ ಮಾರ್ತಿದೀಯಾ? ಗಂಟಲಿಂದ ಕೂಗಬೇಡ. ಹೊಟ್ಟೆಯಿಂದ ಬರ್ಲಿ. ಮೊದಲೇ ಎಲ್ಲ ಖರ್ಚು ಮಾಡಿದ್ರೆ ಕೊನೆಗೆ ಏನು ಉಳಿಯುತ್ತೆ? ಸಣ್ಣಗೆ ಬಿಡು, ಒಂದೇ ಸಮ ಬಿಡು. ಹೆದರಿದಾಗ ಉಸಿರು ಒಡೆಯೋದು, ಸುಸ್ತಾದಾಗ ಅಲ್ಲ."

ದಿನಾ ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ ಭಾವ ಗೇಟಿನ ಹತ್ತಿರ ಹಾಜರು. ವಾರ ಕಳೆಯುವಷ್ಟರಲ್ಲಿ ಲೋಕೇಶನ ಕಬಡ್ಡಿಗೆ ಏರಿಳಿತ ಬಂತು, ಸ್ವರ ಬಂತು. ಮದುವೆಯ ವೇದಿಕೆಯ ಮೇಲೆ ವರನ ಸಿಂಹಾಸನದಲ್ಲಿ ಕೂತು ಅವನು ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದರೆ, ಹಾದುಹೋಗುವ ಅಡುಗೆಭಟ್ಟರು ಅಭ್ಯಾಸಬಲದಿಂದ ಕೈ ಮುಗಿಯುತ್ತಿದ್ದರು. ಮುಂದಿನ ಪಂದ್ಯದಲ್ಲಿ ಪಾಟೀಲರು ಅವನ ರೈಡ್ ಕೇಳಿ ಹುಬ್ಬು ಗಂಟಿಕ್ಕಿದರು. ನನ್ನ ಹತ್ತಿರ ಬಂದು, "ಮ್ಯಾನೇಜರ್ ಸಾಹೇಬ್ರ, ಇವ ಕಬಡ್ಡಿ ಅನ್ನಾಕತ್ತಾನೋ, ಸತ್ಯನಾರಾಯಣ ಪೂಜಿ ಮಾಡಾಕತ್ತಾನೋ?" ಎಂದು ಕೇಳಿದರು. ಆದರೆ ಸೀಟಿ ಊದಲಿಲ್ಲ. ಆ ಪಂದ್ಯವನ್ನೂ ಸೋತೆವು, ಆದರೆ ಈ ಸಲ ಕ್ಯಾಚರ್‌ಗಳಿಂದ. ಹೋಳಿಗೆಯಿಂದ ಎಂದರೂ ಸರಿಯೇ.

ಅಷ್ಟರಲ್ಲಿ ಎರಡನೆಯ ಅಲೆ ಬಂದೇಬಿಟ್ಟಿತು. ಸವಳಂಗ ರಸ್ತೆಯಲ್ಲಿ ಆಂಬುಲೆನ್ಸ್ ಶಬ್ದ ಹೆಚ್ಚಾಯಿತು. ಯಾವ ದಿನ ಬೇಕಾದರೂ ಲೀಗ್ ನಿಲ್ಲಬಹುದೆಂದು ಎಲ್ಲರಿಗೂ ಗೊತ್ತಿತ್ತು. ಪ್ರತಿ ಪಂದ್ಯಕ್ಕೂ ಲೋಕೇಶ ಇದೇ ಕೊನೆ ಎಂಬಂತೆ ಶೂ ಕಟ್ಟಿಕೊಳ್ಳುತ್ತಿದ್ದ.

ಕೊನೆಯದಾಗಿಬಿಟ್ಟ ಪಂದ್ಯ ಧಾರವಾಡದ ಕಡೆಯ ತಂಡದೊಂದಿಗೆ. 'ಉಸಿರುಗಳ್ಳ' ಎಂದು ಕೂಗಿದವರು ಅವರೇ. ಸಮಯ ಮುಗಿಯುತ್ತ ಬಂದಾಗ ನಾವು ಒಂದೇ ಅಂಕದಿಂದ ಹಿಂದಿದ್ದೆವು. ಕಡೆಯ ರೈಡ್ ನಮ್ಮದು. ಲೋಕೇಶ ಗೆರೆ ದಾಟಿದ್ದೇ ತಡ, ಸಂಘಟಕರ ಮೇಜಿನ ಫೋನ್ ಬಡಿದುಕೊಂಡಿತು. ಲೀಗ್ ರದ್ದು, ಈ ಕ್ಷಣದಿಂದಲೇ. ಕ್ಯಾಮೆರಾದವನಿಗೆ ಮೊದಲು ಸುದ್ದಿ ಮುಟ್ಟಿರಬೇಕು, ಅವನು ಆಫ್ ಮಾಡಿ ವೈರು ಸುತ್ತತೊಡಗಿದ್ದ. ಅಂಕಫಲಕದ ದೀಪ ಆರಿತು. ಸಂಘಟಕರಲ್ಲೊಬ್ಬರು ಎದ್ದು ನಿಂತು, "ನಿಲ್ಸಿ, ನಿಲ್ಸಿ" ಎಂದು ಕೈ ಬೀಸಿದರು.

ಪಾಟೀಲರು ಸೀಟಿಯನ್ನು ಬಾಯಿಂದ ತೆಗೆದರು. ತಿರುಗಿ ಕೂಡ ನೋಡಲಿಲ್ಲ. ಅಂಗೈ ಮಾತ್ರ ಹಿಂದಕ್ಕೆ ಚಾಚಿದರು.

"ಉಸಿರು ನಡದೈತ್ರಿ. ಮುಗೀಲಿ."

ಆ ಇಡೀ ಒಳಾಂಗಣದಲ್ಲಿ ಕೇಳುತ್ತಿದ್ದದ್ದು ಒಂದೇ ದನಿ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಮೂಲೆಯವನ ಭುಜ ಮುಟ್ಟಿದ. ಪಕ್ಕದವನು ಸೊಂಟ ಹಿಡಿದ, ಇನ್ನೊಬ್ಬ ತೊಡೆ ಹಿಡಿದ. ಮೂವರೂ ಒಟ್ಟಿಗೆ ಉರುಳಿದರು. ಮೇಲೆ ಎರಡಾಳಿನ ಭಾರ, ಮುಖ ಮ್ಯಾಟಿಗೆ ಒತ್ತಿದೆ, ಆ ಕೆಳಗಿನಿಂದಲೂ ದನಿ ಬರುತ್ತಿತ್ತು, ಸಣ್ಣಗೆ, ಒಂದೇ ಸಮ, ಎಲ್ಲೂ ಮುರಿಯದೆ. ತೆವಳಿದ. ಬೆರಳು ನಡುಗೆರೆ ದಾಟಿತು. ನಾನು ಮಾಸ್ಕ್ ಕಿತ್ತು ಎಸೆದು ಕಿರುಚಿದೆ. ಆರ್ಮುಗಂ ಅಚ್ಚ ಕನ್ನಡದಲ್ಲಿ ಅತ್ತ. ಮೂರು ಅಂಕವೆಂದು ಪಾಟೀಲರು ಮೂರು ಬೆರಳು ಎತ್ತಿದರು, ಆಮೇಲಷ್ಟೇ ಸೀಟಿ ಊದಿದರು. ಎದುರು ತಂಡದ ನಾಯಕ ಲೋಕೇಶನನ್ನು ಕೈ ಹಿಡಿದು ಎಬ್ಬಿಸಿದ. ನಿಯಮದ ಪ್ರಕಾರ ಅದಕ್ಕೆ ದಂಡ ಇತ್ತು. ಹಾಕಲು ಲೀಗೇ ಇರಲಿಲ್ಲ.

ಬಾಗಿಲಲ್ಲಿ ರೇಣುಕಪ್ಪ ಕೇಳಿದರು, "ಗೆದ್ವೇನ್ರೀ, ಸೋತ್ವೇನ್ರೀ?"

"ರದ್ದು" ಎಂದೆ.

"ರದ್ದಾದ್ರೇನು, ಮಾಡಿದ ಅಡುಗೆ ಇದ್ಯಲ್ಲ. ಎಲ್ರನ್ನೂ ಕರ್ಕೊಂಡು ಬನ್ನಿ, ಅವ್ರನ್ನೂ" ಎಂದರು. ಮುರಿದುಬಿದ್ದ ಮದುವೆಗಳನ್ನು ನೋಡಿ ಅಭ್ಯಾಸವಿದ್ದ ಮನುಷ್ಯ.

ಅಂಕಪಟ್ಟಿಯಲ್ಲಿ ನಮ್ಮ ಗೆಲುವಿನ ಜಾಗದಲ್ಲಿ ಸೊನ್ನೆಯೇ ಉಳಿಯಿತು. ಮರುವರ್ಷ ತಂಡವೂ ಇರಲಿಲ್ಲ, ಹರಿಯಾಣದ ಹುಡುಗನೂ ಬರಲಿಲ್ಲ, ನಾನು ಮನೆ ಸೇರಿದೆ. ಆ ರೈಡನ್ನು ಕೇಳಿದವರು ಬೆರಳೆಣಿಕೆಯಷ್ಟು ಜನ. ಭದ್ರಾವತಿಯಲ್ಲಿ ಆ ಅಡ್ಡಹೆಸರು ಹಾಗೇ ಉಳಿದಿದೆ. ಲೋಕೇಶ ಈಗ ಅಲ್ಲೇ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಾನೆ. ಯಾರಾದರೂ "ಉಸಿರುಗಳ್ಳ" ಎಂದು ಕರೆದರೆ ತಿರುಗಿ ನೋಡಿ ನಗುತ್ತಾನೆ. ನನಗೆ ಮಾತ್ರ ಇವತ್ತಿಗೂ ಸಿಟ್ಟು ಬರುತ್ತದೆ. ಅದು ಸುಳ್ಳು, ನಾನು ಕಿವಿಯಾರೆ ಕೇಳಿದ್ದೇನೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಜಗಳಕ್ಕೇ ನಿಲ್ಲುತ್ತೇನೆ. ಮ್ಯಾನೇಜರ್ ಕೆಲಸದಿಂದ ನಿವೃತ್ತಿ ಇದೆ, ಈ ಕೆಲಸದಿಂದ ಇಲ್ಲ.

ಲೀಗ್ ನಿಂತು ಹುಡುಗರೆಲ್ಲ ಊರಿಗೆ ಹೋದ ಕೆಲವೇ ದಿನಕ್ಕೆ ಆರ್ಮುಗಂ ಫೋನ್ ಮಾಡಿದ. ಲೋಕೇಶನಿಗೆ ಪಾಸಿಟಿವ್ ಬಂದಿದೆ, ಮನೆಯಲ್ಲೇ ಇದ್ದಾನೆ, ಆಸ್ಪತ್ರೆಯಲ್ಲಿ ಜಾಗವಿಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರಿಗಾಗಿ ನಾನು ದುರ್ಗಿಗುಡಿಯ ಮೆಡಿಕಲ್ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದೂ ಸಿಗಲಿಲ್ಲ. ಮನೆಗೆ ಬಂದು ಅವನಿಗೇ ಫೋನ್ ಹಚ್ಚಿದೆ.

"ಹೇಗಿದೀಯೋ?"

"ಚೆನ್ನಾಗಿದೀನಿ ಸಾರ್."

ಆಟಗಾರರು ಮ್ಯಾನೇಜರಿಗೆ ಯಾವತ್ತೂ ಹೇಳುವ ಉತ್ತರ ಅದು. ಮೂಳೆ ಮುರಿದರೂ ಹಾಗೇ ಹೇಳುತ್ತಾರೆ. ನಾನು ನಂಬಲಿಲ್ಲ.

"ಎಲ್ಲಿ, ಒಂದು ರೈಡ್ ಹೋಗು. ಕೇಳ್ತೀನಿ" ಎಂದೆ.

ಆ ಕಡೆ ಅವನು ಎದ್ದು ಕೂತ ಮಂಚದ ಸದ್ದು ಕೇಳಿತು. ಆಮೇಲೆ ಶುರುವಾಯಿತು. ಕಬಡ್ಡಿ, ಕಬಡ್ಡಿ, ಕಬಡ್ಡಿ. ಭಾವ ಕಲಿಸಿದ ಅದೇ ಏರಿಳಿತ. ನನ್ನ ಹೆಂಡತಿ ಮಿಕ್ಸಿ ನಿಲ್ಲಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ದನಿ ಸ್ವಲ್ಪ ಹೊತ್ತು ಹಾಗೇ ನಡೆಯಿತು. ಒಮ್ಮೆಲೇ ಕೆಮ್ಮು ಬಂತು, ಮುರಿಯಿತು. ಅವನು ಗಾಳಿಗಾಗಿ ಎಳೆದುಕೊಳ್ಳುವುದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಸಾರ್," ಎಂದ ಲೋಕೇಶ, "ಮಧ್ಯ ಉಸಿರು ತಗೊಂಡ್ಬಿಟ್ಟೆ. ಔಟು."

"ತಗೊಳ್ಳೋ ಮಾರಾಯ" ಎಂದೆ. "ಎಷ್ಟು ಬೇಕೋ ಅಷ್ಟು ತಗೋ. ನಾನು ಕೇಳ್ತಾ ಕೂತಿರ್ತೀನಿ."